ಮೂರನೇ ಕೂಗು

ಶಿಕಾರಿಪುರದಿಂದ ಚಂದ್ರಗುತ್ತಿಗೆ ನಾಲ್ಕು ದಿನ ಒಬ್ಬಳೇ ನಡೆದು ಹೋಗುತ್ತೇನೆಂದು ಧನ್ಯಾ ಹೊರಟಾಗ, ಮನೆಯಲ್ಲಿ ಬೇಡ ಅನ್ನದೇ ಇದ್ದವಳು ಹೂವಮ್ಮಜ್ಜಿ ಒಬ್ಬಳೇ. ಮೊಮ್ಮಗಳ ಬೆನ್ನಿನ ಬ್ಯಾಗಿನ ಪಟ್ಟಿ ಎಳೆದು ನೋಡಿ, ಕಿವಿಯ ಹತ್ತಿರ ಬಾಯಿ ತಂದು ಹೇಳಿದ್ದಳು:

"ದಾರಿಯಾಗೆ ಹಿಂದಿನಿಂದ ಯಾರಾದ್ರೂ ಕರದ್ರೆ ಓ ಅನಬ್ಯಾಡ, ತಿರುಗಿ ನೋಡಬ್ಯಾಡ. ಅದು ಎರಡೇ ಸಲ ಕರೀತೈತಿ. ಮೂರನೇ ಕೂಗು ಬಂತು ಅಂದ್ರೆ ಮನುಷ್ಯರದು."

'ಅದು' ಯಾವುದೆಂದು ಧನ್ಯಾ ಕೇಳಲಿಲ್ಲ. ಅಜ್ಜಿಯ ಸೆರಗು ಹೊದ್ದು ಕಥೆ ಕೇಳುತ್ತ ಬೆಳೆದವಳಿಗೆ ಅದರ ಪಾದ ಹಿಂದುಮುಂದಾಗಿರುವುದು ಗೊತ್ತಿತ್ತು. ತಲೆಯಿಲ್ಲದೆಯೂ ಅದು ಮಾತಾಡಬಲ್ಲದು ಎಂಬುದೂ ಗೊತ್ತಿತ್ತು. ಹೊರಟ ಮೇಲೆ ನಗು ಬಂದಿತ್ತು, ಅಷ್ಟೆ.

ಮೊದಲ ರಾತ್ರಿ ತೊಗರ್ಸಿಯ ಗೆಳತಿಯ ಮನೆಯಲ್ಲಿ ಕಳೆಯಿತು. ಮರುದಿನ ಹೊಸಬಾಳೆಯ ಕಡೆಗೆ ಒಳದಾರಿ ಹಿಡಿದಳು. ಮೇ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಯಾರೋ ದೀಪ ಆರಿಸಿದ ಹಾಗೆ ಆಕಾಶ ಕಪ್ಪಾಯಿತು. ಗಾಳಿ ಎದ್ದಿತು. ಮೊದಲು ಆಲಿಕಲ್ಲು, ಹಿಂದೆಯೇ ಮಳೆ. ಹತ್ತು ಮಾರು ಆಚೆಯದು ಕಾಣದು. ಫೋನು ನೀರು ಕುಡಿದು ಸತ್ತಿತ್ತು.

ಮುಂದೆ ಒಂದು ಹಳ್ಳ. ಪಾದ ಮುಳುಗುವಷ್ಟೇ ನೀರು. ಮಿಂಚು ಹೊಡೆದಾಗ ಆಚೆ ದಡದ ಹೊಲದಲ್ಲಿ ಒಂದು ತಗಡಿನ ಶೆಡ್ಡು ಕಂಡಿತು. ಅಲ್ಲಿಗೆ ಸೇರಿಕೊಂಡರೆ ಸಾಕು ಎಂದು ದಡ ಇಳಿಯುತ್ತಿದ್ದಾಗ ಹಿಂದಿನಿಂದ ಬಂತು:

"ತಂಗೀ..."

ಒಡಕು ಸ್ವರ. ಗಂಡೋ ಹೆಣ್ಣೋ ತಿಳಿಯದಂಥದ್ದು. ಧನ್ಯಾಳ ಮೈಮೇಲಿನ ಕೂದಲೆಲ್ಲ ನೆಟ್ಟಗೆ ನಿಂತವು. ತಿರುಗಲಿಲ್ಲ. ದಡಬಡ ಹಳ್ಳಕ್ಕಿಳಿದು ಮರಳಿನಲ್ಲಿ ಕಾಲು ಕೀಳುತ್ತ ಹೋದಳು.

"ತಂಗೀ...!"

ಎರಡು. ಅವಳು ಹಳ್ಳದ ನಡುಮಧ್ಯದಲ್ಲಿದ್ದಳು. ಅಲ್ಲೇ ನಿಂತುಬಿಟ್ಟಳು. ಮೂರನೆಯದು ಬರಲಿ ದೇವರೇ ಎಂದು ಕಣ್ಣು ಮುಚ್ಚಿ ಕಾದಳು. ಮಳೆ ಸುರಿಯಿತು. ಮೂರನೆಯದು ಬರಲಿಲ್ಲ.

ಬದಲಿಗೆ ಕೆಮ್ಮು ಕೇಳಿಸಿತು. ಎದೆ ಹರಿದುಹೋಗುವಂಥ, ಬಿಟ್ಟೂಬಿಡದ ಕೆಮ್ಮು.

ಅಜ್ಜಿಯ ಯಾವ ಕಥೆಯಲ್ಲೂ ಅದು ಕೆಮ್ಮಿದ್ದಿಲ್ಲ.

ತಿರುಗಿದಳು. ತಿರುಗಬಾರದಿತ್ತು ಅನಿಸಿತು. ದಡದ ಮೇಲೆ ಕಪ್ಪು ಆಕಾರ, ತಲೆಯೇ ಇಲ್ಲ, ಕೋಲೊಂದನ್ನು ಹುಚ್ಚು ಹಿಡಿದಂತೆ ಬೀಸುತ್ತಿದೆ. ಕಿರುಚಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಆಕಾರದ ಎದೆಯಿಂದ ಪುಟ್ಟ ಮೂತಿಯೊಂದು ಹೊರಬಂದು "ಮ್ಯಾ" ಅಂದಿತು.

ಕುರಿಮರಿ. ತಲೆ ಮುಚ್ಚಿದ ಕಂಬಳಿ ಕೊಪ್ಪೆ. ಕುರಿಯವನು!

ಅವನು ಕೋಲನ್ನು ಹಳ್ಳದ ಮೇಲ್ಭಾಗಕ್ಕೆ ಚಾಚಿದ. ಆಗ ಅವಳಿಗೂ ಕೇಳಿಸಿತು, ಲಾರಿಯೊಂದು ದಿಬ್ಬ ಹತ್ತುವಂಥ ಗುಡುಗುಡು. ನೆರೆ! ಅವನಿದ್ದ ದಡಕ್ಕೆ ಓಡಿದಳು. ಬ್ಯಾಗು ಹಿಂದಕ್ಕೆ ಜಗ್ಗಿತು. ತೋಳು ಬಿಡಿಸಿಕೊಂಡು ಅಲ್ಲೇ ಎಸೆದಳು. ದಡದ ಬೇರು ಕೈಗೆ ಸಿಗುವಷ್ಟರಲ್ಲಿ ಕೆಂಪು ನೀರು ಸೊಂಟಕ್ಕೆ ಅಪ್ಪಳಿಸಿತು. ಕೋಲು ಮುಖದ ಮುಂದೆ ಬಂತು. ಹಿಡಿದಳು. ಅವನು ಎಳೆದ.

ಅವಳು ನಿಂತಿದ್ದ ಜಾಗದಲ್ಲಿ ಇಡೀ ಮರವೊಂದು ಬೇರುಸಮೇತ ಉರುಳುತ್ತ ಹೋಯಿತು.

"ಕಿವಿ ಕೇಳಂಗಿಲ್ಲೇನು ನಿಂಗೆ?" ಅವನ ಮಾತು ಬರೀ ಗಾಳಿಯಾಗಿತ್ತು.

"ಕೇಳಿಸ್ತು." ಹಲ್ಲು ಕಟಕಟ ಅನ್ನುತ್ತಿದ್ದವು. "ಮೂರನೇ ಸಲ ಕರೀತೀರೇನೋ ಅಂತ... ಅಜ್ಜಿ ಹೇಳಿದ್ಲು..."

ಅವನಿಗೆ ಅರ್ಥವಾಯಿತು. ನಗಲು ಹೋಗಿ ಮತ್ತೆ ಕೆಮ್ಮಿದ. "ಗಂಟಲು ಬಿದ್ದು ನಾಕು ದಿನ ಆತವ್ವ. ಎರಡು ಸಲ ಕೂಗಿದ್ದೇ ಹೆಚ್ಚು. ನೆಗಡಿ ಆದೋರಿಗೆ ಒಂದು ಕೂಗು ಮಾಫಿ ಮಾಡು ಅನ್ನು ನಿಮ್ಮಜ್ಜಿಗೆ."

"ನಿಮ್ಮ ತಲೇನೂ ಕಾಣ್ತಿರಲಿಲ್ಲ."

"ಇಂಥಾ ಆಲಿಕಲ್ಲಿಗೆ ತಲೆ ಹೊರಗಿಟ್ಕಂಡು ಯಾರು ನಿಲ್ತಾರ?"

ಅವನ ಹೆಸರು ಚೌಡಪ್ಪ. ಹಳ್ಳ ನಾಳೆತನಕ ಇಳಿಯುವುದಿಲ್ಲ, ಬೆಳಿಗ್ಗೆ ತೊಗರ್ಸಿಗೆ ವಾಪಸ್ ಹೋಗಿ ಬಸ್ಸು ಹತ್ತು ಎಂದ. ಧನ್ಯಾ ಎದುರಾಡಲಿಲ್ಲ. ಚಂದ್ರಗುತ್ತಿ ಎಂಬ ಊರೇ ಅವಳಿಗೆ ಮರೆತುಹೋಗಿತ್ತು.

ಮರಿಯನ್ನು ಅವಳ ಕೈಗಿಟ್ಟು, "ಈ ಬಂಡೆ ಹತ್ರಾನೇ ಇರು. ಚದುರಿದ ಕುರಿ ಕೂಡಿಸ್ಕಂಡು ಬರ್ತೀನಿ. ನಮ್ಮ ಮನೆಯಾಕಿ ನಿಂಗಮ್ಮಗೆ ಹೇಳಿ ಈ ಕಡೀಗೆ ಕಳಿಸ್ತೀನಿ, ಹಟ್ಟಿಗೆ ಕರ್ಕಂಡು ಹೋಗ್ತಾಳೆ" ಎಂದು ಮಳೆಯೊಳಗೆ ಕರಗಿಹೋದ.

ಮತ್ತೆ ಒಬ್ಬಳೇ. ಹಳ್ಳ ಭೋರಿಡುತ್ತಿತ್ತು. ಮರಿಯ ಎದೆ ಅವಳ ಅಂಗೈಯಲ್ಲಿ ಪಟಪಟ ಬಡಿಯುತ್ತಿತ್ತು. ಎಷ್ಟು ಹೊತ್ತಾಯಿತೋ, ಬೆನ್ನ ಹಿಂದೆ, ದೂರದಲ್ಲಿ, ಹೆಂಗಸಿನ ದನಿ:

"ತಂಗೀ..."

ಮೈ ಜುಂ ಎಂದಿತು. ಓ ಅನ್ನಲು ಹೋದಳು. ಬಾಯಿಂದ ಗಾಳಿ ಮಾತ್ರ ಹೊರಟಿತು. ಉತ್ತರ ಬಾರದೆ ಆಕೆ ಬೇರೆ ದಿಕ್ಕಿಗೆ ಹೋಗಿಬಿಟ್ಟರೆ?

ಎರಡನೇ ಕೂಗಿಗೆ ಕಾಯಲಿಲ್ಲ. ಮರಿಯನ್ನು ಅವಚಿಕೊಂಡು, ಎಡವುತ್ತ, ಆ ದನಿ ಬಂದ ಕಡೆಗೆ ಓಡಿದಳು.