ಧಣಿ ತಾಯಿಯ ಶವಪೆಟ್ಟಿಗೆ

“ಹೆಣ ತೊಳೆಯೋ ಮುಂಡೆ, ಇನ್ನೊಂದ್ಸಲ ಬಸುರಿ ಮೈಮೇಲೆ ಕೈಯಿಟ್ಟೆ ಅಂತ ಕೇಳಿದ್ರೆ ಕೋರ್ಟಿಗೆ ಎಳೀತೀನಿ.”

ಕೌನ್ಸಿಲ್ಲಿನ ಇನ್ಸ್‌ಪೆಕ್ಟರಮ್ಮ ಕೆಜಾಯಳನ್ನು ನಡುಬೀದಿಯಲ್ಲಿ ಹೀಗೆ ಝಾಡಿಸಿ ಇನ್ನೂ ವಾರವಾಗಿರಲಿಲ್ಲ. ಲ್ಯಾಂಕಶೈರಿನ ಆ ಹತ್ತಿ ಗಿರಣಿಯ ಬೀದಿಯಲ್ಲಿ ಹುಟ್ಟುವವರನ್ನು ಹಿಡಿದವಳೂ ಅವಳೇ, ಸತ್ತವರನ್ನು ತೊಳೆದವಳೂ ಅವಳೇ. ಮೂವತ್ತು ವರ್ಷ ಯಾರಿಗೂ ಅದು ಹೇಸಿಗೆ ಅನ್ನಿಸಿರಲಿಲ್ಲ. ದೊಡ್ಡ ಯುದ್ಧ ಮುಗಿದ ಮೇಲೆ ಕಾನೂನು ಬಿಗಿಯಾಯಿತು. ಸರ್ಟಿಫಿಕೇಟು ಇಲ್ಲದ ಸೂಲಗಿತ್ತಿ ಕಳ್ಳಿಯಾದಳು.

ಅದಕ್ಕೇ ಗುರುವಾರ ಪಕ್ಕದ ಮನೆಯ ಎಡ್ನಾ ನೋವು ತಾಳದೆ ನಡುಗೋಡೆಗೆ ಗುದ್ದಿದಾಗ ಕೆಜಾಯ ಏಳಲಿಲ್ಲ. ಮಗ್ಗದ ಮುಂದೆ ನಿಂತಲ್ಲೇ ನೀರೊಡೆದು ಮನೆಗೆ ಬಂದಿದ್ದ ಹುಡುಗಿ. ಊರಿಗೆಲ್ಲ ಒಬ್ಬಳೇ ಸರ್ಟಿಫಿಕೇಟಿನ ನರ್ಸು; ಅವಳ ಸೈಕಲ್ಲು ಬರುವಷ್ಟರಲ್ಲಿ ಕೂಸು ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಯಾಗಿತ್ತು. ಅದನ್ನು ಬಿಡಿಸಲು ಕೆಜಾಯಳ ಒಂದು ಬೆರಳು ಸಾಕಾಗುತ್ತಿತ್ತು.

ಪಾದ್ರಿ ಎಡ್ನಾಳ ಮನೆಯ ಬಾಗಿಲಲ್ಲೇ ನಿಂತು ಹೇಳಿದ: “ಜ್ಞಾನಸ್ನಾನದ ನೀರು ಬೀಳದ ಕೂಸು. ಚರ್ಚಿನ ನೆಲದಲ್ಲಿ ಜಾಗ ಇಲ್ಲ. ಗೋಡೆ ಹಿಂದೆ ತುರಚಿ ಗಿಡದ ಹತ್ರ ಹೂತ್ಕೊಳ್ಳಿ.”

“ನಾಯಿ ಕೆದುಕ್ತವೆ, ಸ್ವಾಮಿ,” ಅಂದಳು ಕೆಜಾಯ.

“ಹಾಗಾದ್ರೆ ಆಳವಾಗಿ ತೋಡಿ.”

ಎಡ್ನಾ ಸೋಪಿನ ಖಾಲಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೂಸು ಅದರಲ್ಲಿತ್ತು. “ನಾನು ಗ್ವಾಡೆ ಗುದ್ದಿದ್ದು ಕೇಳ್ಸಲಿಲ್ವಾ, ದೊಡ್ಡವ್ವ?”

“ಕೇಳುಸ್ತು ಕಣವ್ವ.”

ಕೆಜಾಯ ಮನೆಗೆ ಬಂದು ಒಲೆ ಹೊತ್ತಿಸದೆ ಕೂತಳು. ಬೀದಿ ತುಂಬ ತಾನು ಹಿಡಿದ ಮಕ್ಕಳು. ಬಾಗಿಲು ತಟ್ಟುವವರು ಒಬ್ಬರೂ ಇಲ್ಲ.

ಶನಿವಾರ ಬೆಳಿಗ್ಗೆ ತಟ್ಟಿದವನು ಗಿರಣಿ ಧಣಿಯ ಆಳು. ಧಣಿಯ ತಾಯಿ ಸತ್ತಿದ್ದಳು. “ಸೋಮ್ವಾರ ಮಣ್ಣು. ಮೈ ತೊಳೀಬೇಕಂತೆ. ಹಿತ್ಲು ಬಾಗ್ಲಿಂದ ಬಾ. ಮೆಟ್ಟು ಹೊರ್ಗೇ ಬುಡ್ಬೇಕಂತೆ.”

ಹೆಣ ತೊಳೆಯಲು ಸರ್ಟಿಫಿಕೇಟು ಬೇಕಿರಲಿಲ್ಲ. ಕೆಜಾಯ ಎದ್ದು ನೇರ ಎಡ್ನಾಳ ಮನೆಗೆ ಹೋದಳು.

“ಕೂಸ್ನ ಕೊಡವ್ವ. ಆ ಬೋಳಿಮಗ ಬ್ಯಾಡ ಅಂದ ನೆಲ್ದಾಗೇ ಮಲಗುಸ್ತೀನಿ. ಸ್ವಾಮಾರ ನೀನು ಚರ್ಚಿನ ಸ್ಮಶಾನದ ಗ್ವಾಡೆ ಹಿಂಬಾಗ್ಲ ಆಚೆ ನಿಂತ್ಕೊ. ಮಣ್ಣು ಬಿದ್ದೇಟ್ಗೆ ಗುದ್ತೀನಿ, ನೀನೂ ಗುದ್ದು.”

ಎಡ್ನಾ ಡಬ್ಬದಿಂದ ಕೂಸನ್ನೆತ್ತಿ ಕೊಟ್ಟಳು.

“ಏನೂ ಮುಟ್ಟಬೇಡ,” ಎಂದು ಧಣಿಯ ಹೆಂಡತಿ ಬಾಗಿಲೆಳೆದುಕೊಂಡಳು. ರೇಷ್ಮೆ ಹಾಸಿದ ಶವಪೆಟ್ಟಿಗೆ ಆಗಲೇ ಬಂದಿತ್ತು. ಮುದುಕಿಯನ್ನು ತೊಳೆದು ಅದರಲ್ಲಿ ಮಲಗಿಸಿ, ಕೆಜಾಯ ತನ್ನ ಬುಟ್ಟಿಯ ಬಟ್ಟೆಗಳಡಿಯಿಂದ ಕೂಸನ್ನು ತೆಗೆದಳು. “ಒಂಚೂರು ಸರ್ಕೊಳವ್ವ,” ಎಂದು ಅದನ್ನು ಮುದುಕಿಯ ಕಂಕುಳಿಗೆ ಒತ್ತಿ, ಕಸೂತಿಯ ಹೊದಿಕೆ ಎಳೆದಳು.

ಸೋಮವಾರ ಧಣಿ ತಾಯಿಯ ಮಣ್ಣಿಗೆಂದು ಗಿರಣಿ ನಿಂತಿತು. ಪಾದ್ರಿಯೇ ಮುಂದೆ ನಿಂತು, ಓದುತ್ತಲೇ ತನ್ನ ಕೈಯಾರೆ ಮಣ್ಣು ಹಾಕಿದ. ಹೆತ್ತ ಮೇಲೆ ಚರ್ಚಿನಲ್ಲಿ ಶುದ್ಧಿಯಾಗದ ಎಡ್ನಾ ಒಳಗೆ ಬರುವಂತಿರಲಿಲ್ಲ.

ಕೆಜಾಯ ಜನರ ಸಾಲು ಬಿಟ್ಟು ಹೋಗಿ, ಸ್ಮಶಾನದ ಗೋಡೆಯ ಅಗುಳಿ ಹಾಕಿದ ಹಿಂಬಾಗಿಲಿಗೆ ಗುದ್ದಿದಳು. ಪಾದ್ರಿ ಓದು ನಿಲ್ಲಿಸಿ ತಲೆಯೆತ್ತಿದ. ಎಲ್ಲರೂ ತಿರುಗಿ ನೋಡಿದರು. ಆಚೆಯಿಂದ ಸದ್ದಿಲ್ಲ.

ಅವಳು ಮತ್ತೆ ಗುದ್ದಿದಳು.