ಕೆಂಪು ದಾರದ ಕಡ್ಡಿಗಳು

ಬಲೆ ಹೆಣೆಯುವ ಅತ್ತೆ ಹದಿನೆಂಟು ದಿನದಿಂದ ಮೂರು ಮೊಟ್ಟೆ ಕಾಯುತ್ತಿದ್ದಳು. ಮರಳ ಬಣ್ಣದ ಪುಟ್ಟ ಹಕ್ಕಿಯವು. ಗೂಡೆಂದರೆ ಮರಳಿನಲ್ಲಿ ಅಂಗೈಯಷ್ಟು ತಗ್ಗು, ಅಷ್ಟೇ. ಸುತ್ತ ನಾಲ್ಕು ಕಡ್ಡಿ ನೆಟ್ಟು, ಹಳೆ ಬಲೆಯ ಕೆಂಪು ದಾರ ಕಟ್ಟಿದ್ದಳು. ಹಕ್ಕಿಗಳ ಲೆಕ್ಕ ಇಡುವವರು ಕೊಟ್ಟ ಪುಸ್ತಕದಲ್ಲಿ ದಿನಾ ಬೆಳಿಗ್ಗೆ ಕಂಡದ್ದನ್ನು ಬರೆಯುವಳು. ಇನ್ನು ನಾಲ್ಕೈದು ದಿನಕ್ಕೆ ಮರಿ ಬರಬೇಕು.

ಭಾನುವಾರ ಕಡಲತೀರ ಸ್ವಚ್ಛ ಮಾಡಲು ಅಳಿಯ ಬಂದ, ಟೈಲ್ಸ್ ಅಂಗಡಿಯವನು. ಕೊರಳಲ್ಲಿ ಸೀಟಿ, ಹಿಂದೆ ಅರವತ್ತು ಜನ, ಅರವತ್ತು ಹೊಸ ಟೀ ಶರ್ಟು. ಶರ್ಟು ಬಂದ ಪ್ಲಾಸ್ಟಿಕ್ ಕವರುಗಳೇ ಅಂದು ತೀರದಲ್ಲಿ ಸಿಕ್ಕ ಮೊದಲ ಕಸ.

ಅತ್ತೆ ಆಚೆ ತುದಿಯ ಹಕ್ಕಿಗಳನ್ನು ನೋಡಿ ಬರುವಷ್ಟರಲ್ಲಿ ಕಡ್ಡಿಗಳಿರಲಿಲ್ಲ. ಅಲ್ಲೇ ಕಸದ ಮೂಟೆಗಳ ರಾಶಿ, ಅದರ ಮುಂದೆ ಫೋಟೋಗೆ ನಿಂತ ಅರವತ್ತು ನಗು.

"ಅಳಿಯಂದಿರೇ, ನನ್ನ ಕಡ್ಡಿ?"

"ಕಡ್ಡೀನಾ ಅತ್ತೆ? ಎಲ್ಲಾ ಕಿತ್ತು ಮೂಟೆಗೆ ಹಾಕಿದ್ವಿ. ಒಂದೂ ಬಿಟ್ಟಿಲ್ಲ!"

"ಅದರ ಹತ್ರ ಸುಳೀಬೇಡಿ ಅಂತ ನಿನ್ನೆ ಫೋನಲ್ಲಿ ಬಡ್ಕೊಂಡೆ. ಹೂಂ ಹೂಂ ಅಂದ್ರಿ."

"ಟೀ ಶರ್ಟಿನ ಗಡಿಬಿಡೀಲಿದ್ದೆ, ಅತ್ತೆ."

ಅಷ್ಟರಲ್ಲಿ ಹಕ್ಕಿ ಓಡಿ ಬಂದು ರಾಶಿಯನ್ನು ಒಂದು ಸುತ್ತು ಹಾಕಿತು. ಜನರನ್ನು ಕಂಡು ಹಿಂದೆ ಸರಿಯಿತು, ಮತ್ತೆ ಬಂತು.

"ನೋಡಿ, ನೋಡಿ! ಥ್ಯಾಂಕ್ಸ್ ಹೇಳೋಕೆ ಬಂದಿದೆ!" ಎಂದು ಅಳಿಯ ಫೋನ್ ಎತ್ತಿದ.

ಅತ್ತೆ ಮೂಟೆಗಳನ್ನು ಒಂದೊಂದಾಗಿ ಎತ್ತಿಟ್ಟಳು. ಫೋಟೋಗೆಂದು ಕೈಗವಸು ಬಿಚ್ಚಿಟ್ಟಿದ್ದವರು ಯಾರೂ ನೆರವಿಗೆಂದು ಮತ್ತೆ ಹಾಕಿಕೊಳ್ಳಲಿಲ್ಲ. ಕೊನೆಯ ಮೂಟೆಯಡಿ ಎರಡು ಮೊಟ್ಟೆ ಜಜ್ಜಿ ಹೋಗಿದ್ದವು. ಒಂದು ಮಾತ್ರ ಮರಳಿನಲ್ಲಿ ಹೂತು ಉಳಿದಿತ್ತು. ಬಿಸಿಲು ಏರುತ್ತಿತ್ತು. ಹಕ್ಕಿ ಬೇಗ ಬಂದು ಕೂರದಿದ್ದರೆ ಅದೂ ಬೇಯುತ್ತದೆ.

"ಎಲ್ಲರೂ ರಸ್ತೆಗೆ ಹೋಗಿ."

"ಇನ್ನೊಂದೇ ಫೋಟೋ, ಅತ್ತೆ—"

ಆಕೆ ಅಳಿಯನ ಕೊರಳಿನ ಸೀಟಿಗೆ ಕೈ ಹಾಕಿ ಊದಿದಳು. ಸೀಟಿಯ ದಾರದ ಇನ್ನೊಂದು ತುದಿಯಲ್ಲಿ ಅಳಿಯನೂ ಬಗ್ಗಿದ. ಬೆಳಗಿನಿಂದ ಸೀಟಿಗೇ ಕುಣಿದಿದ್ದ ಅರವತ್ತು ಜನ ಏಕೆಂದು ಕೇಳದೆ ಸಾಲು ಹಿಡಿದು ರಸ್ತೆ ಹತ್ತಿದರು. ಅಳಿಯ ಕೊನೆಯವನು.

ಆಕೆ ಮೂಟೆ ಬಿಚ್ಚಿ ಕಡ್ಡಿಗಳನ್ನು ಹುಡುಕಿ, ಮತ್ತೆ ನೆಟ್ಟು ದೂರ ಸರಿದಳು. ತುಸು ಹೊತ್ತಿಗೆ ಹಕ್ಕಿ ಬಂದು ಮೊಟ್ಟೆಯ ಮೇಲೆ ಕೂತಿತು.

ಆಗ ಪುಸ್ತಕ ತೆರೆದಳು. ಮೊಟ್ಟೆ ಹೋದ ಕಾರಣದ ಸಾಲಿನಲ್ಲಿ ಈವರೆಗೆ ನಾಯಿ, ಕಾಗೆ, ಅಲೆ ಎಂದಿತ್ತು. ಇಂದಿನ ತಾರೀಖಿನ ಎದುರು, ಹೋದ ಮೊಟ್ಟೆ ಎರಡು ಎಂದು ಬರೆದು, ಕಾರಣಕ್ಕೆ 'ಅಳಿಯ' ಎಂದು ದುಂಡಗೆ ಬರೆದಳು.