ಅಂಗಳದ ಬಿಸಿಲು

ತಿರುಮಕೂಡಲು ನರಸೀಪುರದ ಹಳೆಯ ಮಠವೊಂದರಲ್ಲಿ ಓಲೆಗರಿ, ದೀಪ, ಕೊಳಗಗಳನ್ನು ಜೋಡಿಸಿ ವಸ್ತುಸಂಗ್ರಹಾಲಯ ಮಾಡಿ ಎಂಟು ತಿಂಗಳಾಗಿತ್ತು. ಅದರ ಜಗಲಿಯಲ್ಲಿ ಚಿತ್ರದ ಕಾರ್ಡು, ಪುಸ್ತಕ ಮಾರುವ ಕೆಲಸ ಚಂಪಕಳದು. ಎಂ.ಎ. ಮುಗಿಸಿದವಳು, ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಜನಕ್ಕೇನೂ ಕಡಿಮೆಯಿರಲಿಲ್ಲ. ಬರುವರು, ನೋಡುವರು, ಬರಿಗೈಯಲ್ಲಿ ಹೊರಟುಬಿಡುವರು.

"ಬಾಯಿ ಬಿಡದೆ ಗೊಂಬೆ ಥರ ಕೂತ್ರೆ ಯಾರಮ್ಮ ತಗೊಂಡಾರು?" ಎಂದರು ಸಮಿತಿಯ ಯಜಮಾನರಾದ ಪುಟ್ಟಬಸವಯ್ಯ. "ಈ ತಿಂಗ್ಳೂ ಹಿಂಗೇ ಆದ್ರೆ ಅಂಗಡಿ ಮುಚ್ಚೋದೇ. ನಿನ್ ಕೆಲ್ಸಾನೂ ಅಲ್ಲಿಗೆ ಮುಗೀತು."

ಚಿಕ್ಕಂದಿನಿಂದಲೂ ಕೇಳಿದ ಮಾತು. ತನ್ನ ಮೌನದ್ದೇ ತಪ್ಪೆಂದು ಚಂಪಕಳೂ ಒಪ್ಪಿಕೊಂಡಳು. ಮರುದಿನದಿಂದ ಹೋಗಿಬರುವವರನ್ನೆಲ್ಲ ಕೂಗಿ ಕರೆದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಯಾರೂ ನಿಲ್ಲಲಿಲ್ಲ.

ಕಸ ಗುಡಿಸುವ ಚಲುವಮ್ಮ ನಾಲ್ಕು ದಿನ ನೋಡಿದಳು. ಐದನೆಯ ದಿನ ಪೊರಕೆ ಕೆಳಗಿಟ್ಟಳು.

"ಯಾಕವ್ವ ಗಂಟ್ಲು ಅರ್ಕೊತೀಯ? ಅವ್ರ ಕಾಲ್ ನೋಡು."

ಚಂಪಕ ನೋಡಿದಳು. ಮಠದ ಪದ್ಧತಿಯಂತೆ ಚಪ್ಪಲಿಯೆಲ್ಲ ಹೆಬ್ಬಾಗಿಲ ಆಚೆ. ನಡುವೆ ಚಪ್ಪಡಿ ಹಾಸಿದ ಅಂಗಳ, ಕಾದ ಹಂಚಿನಂತೆ. ಜಗಲಿಗೆ ಬಂದವರ ಕಣ್ಣು ಕಾರ್ಡುಗಳ ಮೇಲಿರಲಿಲ್ಲ, ಅಂಗಳದ ಮೇಲಿತ್ತು. ಉಸಿರು ಬಿಗಿಹಿಡಿದು ಒಂದೇ ಓಟ.

"ಕಾಲು ಸುಡ್ತದೆ ಅಂತ ಎದ್ರುಕೊಂಡಿರೋರ ಕೈ ಜೇಬಿಗೆ ಓಯ್ತದಾ?"

ಬೆಳಗಿನ ತಂಪಿನಲ್ಲಿ ಬಂದು ಸಂಜೆ ಹೋಗುವ ಚಂಪಕಳಿಗೆ ಆ ಕಲ್ಲಿನ ಕಾವೇ ಗೊತ್ತಿರಲಿಲ್ಲ. ಚಪ್ಪಲಿಯನ್ನು ಜಗಲಿಯವರೆಗೆ ಬಿಡಬಹುದೇ ಎಂದು ಪುಟ್ಟಬಸವಯ್ಯನವರನ್ನು ಕೇಳಿದಳು.

"ಮಠದೊಳಕ್ಕೆ ಎಕ್ಕಡನಾ? ಶಿವ ಶಿವಾ!"

ಚಲುವಮ್ಮ ಅಡುಗೆಮನೆಯ ಹಿಂದಿದ್ದ ಹಳೇ ಗೋಣಿಚೀಲಗಳನ್ನು ಬಿಚ್ಚಿ, ಜಗಲಿಯಿಂದ ಹೆಬ್ಬಾಗಿಲವರೆಗೆ ಹಾಸಿ, ಗಂಟೆಗೊಮ್ಮೆ ನೀರು ಚಿಮುಕಿಸಿದಳು. ಚಂಪಕ ಬಾವಿಯಿಂದ ನೀರು ಸೇದಿ ಕೊಟ್ಟಳು. ಕೂಗುವುದನ್ನು ಬಿಟ್ಟಳು.

ಈಗ ಜನಕ್ಕೆ ಅವಸರವಿರಲಿಲ್ಲ. ಜಗಲಿಯ ಅಂಚಿಗೆ ಕುಳಿತರು, ಪುಸ್ತಕ ತಿರುವಿದರು, ಮಕ್ಕಳು ಕೇಳಿದ ಕಾರ್ಡು ಕೊಡಿಸಿದರು.

ತಿಂಗಳ ಕೊನೆಗೆ ಪುಟ್ಟಬಸವಯ್ಯ ಬಂದರು. ಅರ್ಧ ಖಾಲಿಯಾದ ಕಪಾಟು ನೋಡಿ ನಕ್ಕರು.

"ನೋಡ್ದಾ? ನಾಕ್ ಮಾತಾಡಿದ್ಯಾ, ಯಾಪಾರ ಆಯ್ತು. ಮುಂದ್ಲೊರ್ಷನೂ ನೀನೇ ಇರು."

ಚಲುವಮ್ಮ ಸೆರಗು ಬಾಯಿಗಿಟ್ಟು ಅತ್ತ ತಿರುಗಿದಳು. ಯಜಮಾನರು ಒದ್ದೆ ಗೋಣಿಯ ಮೇಲೆ ಎರಡು ಹೆಜ್ಜೆಯಿಟ್ಟು, ನಿಂತು, ಹಿಂತಿರುಗಿ ಬಂದರು.

"ಮೊಮ್ಮಗಳಿಗೆ ಆ ದೀಪದ ಕಾರ್ಡ್ ಒಂದ್ ಕೊಡಮ್ಮ."